ಕೀ ಮುಗಿದ ಗಾಯಕಿ

ಓನರಮ್ಮನ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ಬಳೆಯಿಲ್ಲದ ಕೈ, ರವಿಕೆಯ ಹೊಲಿಗೆ ಆ ಒಂದು ಕಡೆ ಮಾತ್ರ ಬಿಡುತ್ತಿತ್ತು. ಒರಳು ತಿರುವಿ ತಿರುವಿ ಹಾಗಾಗಿದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಒರಳೂ ಅಲ್ಲ, ಮಣ್ಣೂ ಅಲ್ಲ. ಗ್ರಾಮಫೋನಿಗೆ ಕೀ ಕೊಟ್ಟು ಕೊಟ್ಟು ಆದ ತೋಳು ಅದು. ಒಂದು ಪ್ಲೇಟಿನ ಒಂದು ಮಗ್ಗುಲು ಮುಗಿದರೆ ಮತ್ತೆ ಕೀ ಕೊಡಬೇಕು, ಮುಳ್ಳು ಬದಲಾಯಿಸಬೇಕು. ಕೀ ಮುಗಿಯುತ್ತ ಬಂದರೆ ಪ್ಲೇಟು ನಿಧಾನವಾಗಿ, ದನಿ ದಪ್ಪಗೆ ಎಳೆಯುತ್ತದೆ. ಆಯಮ್ಮ ದಿನಕ್ಕೆ ಎಷ್ಟು ಸಲ ಕೀ ಕೊಡುತ್ತಿದ್ದರೋ ಆ ದೇವರೇ ಬಲ್ಲ.

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಅವರ ಹಜಾರಕ್ಕೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಹೀಗಾಗಿ ನಮ್ಮ ಸಾರಿಗೆ ಒಗ್ಗರಣೆ ಬೀಳುತ್ತಿದ್ದುದೂ ಅವರ ಪ್ಲೇಟಿನ ತಾಳಕ್ಕೇ. ಅವರಿಗೆ ಮಕ್ಕಳಿರಲಿಲ್ಲ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಪ್ಲೇಟು ಕೇಳಲು ಜೊತೆ ಬೇಕೆಂದು ನನ್ನನ್ನು ಕರೆಸಿಕೊಳ್ಳುತ್ತಿದ್ದರು.

ಅವರ ಬಳಿ ಇದ್ದದ್ದು ಹೆಚ್ಚುಕಮ್ಮಿ ಒಬ್ಬರದೇ ಪ್ಲೇಟುಗಳು. ಮದರಾಸಿನ ಒಬ್ಬ ಗಾಯಕಿ. ಓನರಮ್ಮ ಆಕೆಯನ್ನು ಹೆಸರಿಟ್ಟು ಕರೆದದ್ದೇ ಇಲ್ಲ, ‘ನಮ್ಮವಳು’ ಎನ್ನುತ್ತಿದ್ದರು. ಹೊಸ ಪ್ಲೇಟು ಬಂದಿದೆಯೆಂದು ಯಾರಾದರೂ ಹೇಳಿದರೆ ಸಾಕು, ಅಡುಗೆ ಅರ್ಧಕ್ಕೆ ಬಿಟ್ಟು ಚಿಕ್ಕಪೇಟೆಗೆ ಬಸ್ಸು ಹತ್ತುತ್ತಿದ್ದರು. ತಂದ ಪ್ಲೇಟನ್ನು ಹಸುಗೂಸಿನ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಆ ವರ್ಷ ತಂದದ್ದರಲ್ಲಿ ಅವರಿಗೆ ಪ್ರಾಣವಾಗಿದ್ದದ್ದು ತೋಡಿ ರಾಗದ್ದೊಂದು, ಕಾಂಬೋಧಿ ರಾಗದ್ದೊಂದು. ‘ತೋಡಿ ಹೊಟ್ಟೆ ತುಂಬಿದ ಮೇಲೆ ಕೇಳಬಾರದು ಕಣೇ, ನಿದ್ದೆ ಬಂದರೆ ಪಾಪ ಬರತ್ತೆ’ ಎಂದು ಊಟಕ್ಕೆ ಮುಂಚೆಯೇ ಹಾಕುತ್ತಿದ್ದರು. ಕಾಂಬೋಧಿ ಮಾತ್ರ ಊಟವಾದ ಮೇಲೆ, ಎಲೆಯಡಿಕೆಯ ಬದಲಿಗೆ.

ಆ ದನಿಯೋ, ತೆಳ್ಳಗೆ, ಚೂಪಾಗಿ, ಗುಬ್ಬಚ್ಚಿಯ ಹಾಗೆ ಮೇಲೆ ಮೇಲೆ ಹಾರುತ್ತಿತ್ತು. ಆ ದನಿಯನ್ನು ಒಂದು ಸಲ ಎದುರಿಗೆ ಕೂತು ಕೇಳಬೇಕು, ಅದು ಈ ಹುಡುಗಿಯ ಗಂಟಲಿನಲ್ಲೂ ಬರಬೇಕು. ಓನರಮ್ಮನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೇ. ಪ್ಲೇಟು ಹಾಕಿ, ‘ಹಾಗೇ ಹಾಡು’ ಎಂದು ನನ್ನನ್ನು ಕೂರಿಸುತ್ತಿದ್ದರು. ನಾನು ಕಿರುಚುತ್ತಿದ್ದೆ. ಮೇಲಿನ ಷಡ್ಜ ಮುಟ್ಟುವ ಹೊತ್ತಿಗೆ ಕೆಮ್ಮು ಬರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಷಡ್ಜ ಒಂದು ಬರುತ್ತಿರಲಿಲ್ಲ. ‘ದೇವರು ನಿನಗೆ ಕಿವಿ ಕೊಟ್ಟ, ಗಂಟಲು ಕೊಡೋದು ಮರೆತ’ ಎಂದು ನಿಟ್ಟುಸಿರು ಬಿಡುತ್ತಿದ್ದರು. ನಾನೂ ಅದನ್ನೇ ನಂಬಿದೆ. ಮನೆಗೆ ಬಂದವರು ಹಾಡು ಬರತ್ತಾ ಮಗು ಎಂದರೆ, ನನಗೆ ಗಂಟಲಿಲ್ಲ ಎಂದು ನಾನೇ ಮೊದಲು ಹೇಳಿಬಿಡುತ್ತಿದ್ದೆ.

ಪಕ್ಕದ ಬೀದಿಯವರ ಮನೆಯಲ್ಲಿ ರೇಡಿಯೋ ಇತ್ತು. ಒಂದು ಸಲ ಅದರಲ್ಲಿ ‘ನಮ್ಮವಳ’ ಹಾಡು ಬಂತು. ಓನರಮ್ಮ ಹೋಗಿ ಕೇಳಿ, ಮುಖ ಕಿವುಚಿಕೊಂಡು ವಾಪಸು ಬಂದರು. ‘ರೇಡಿಯೋ ದನೀನ ದಪ್ಪ ಮಾಡತ್ತೆ. ನಮ್ಮ ಮಿಷನ್ನೇ ವಾಸಿ,’ ಎಂದು ತೀರ್ಪು ಕೊಟ್ಟರು. ಅವರು ತೀರ್ಪು ಕೊಟ್ಟ ಮೇಲೆ ಬ್ರಹ್ಮನಿಗೂ ಅಪೀಲು ಇರಲಿಲ್ಲ.

ಹೀಗಿರುವಾಗ ಆ ವರ್ಷದ ರಾಮನವಮಿಗೆ ಚಾಮರಾಜಪೇಟೆಯ ಚಪ್ಪರದಲ್ಲಿ ಆ ಗಾಯಕಿಯ ಕಛೇರಿ ಎಂದು ಗೊತ್ತಾಯಿತು. ಗಂಡನಿಲ್ಲದ ಹೆಂಗಸು ಕಛೇರಿಗೆ ಹೊರಟರೆ ಆಡಿಕೊಳ್ಳುವವರು ಬೇಕಾದಷ್ಟಿದ್ದರು. ‘ಆಡ್ಕೊಳ್ಳಲಿ ಬಿಡು, ಅವರ ಬಾಯಿಗೂ ಕೆಲಸ ಬೇಕಲ್ಲ,’ ಎಂದು ಓನರಮ್ಮ ಮೈತುಂಬ ಹೊದ್ದುಕೊಂಡು ನನ್ನ ಜೊತೆ ಜಟಕಾ ಹತ್ತಿದರು. ದಾರಿಯುದ್ದಕ್ಕೂ ಅವರ ಕಾಲು ಕುಣಿಯುತ್ತಿತ್ತು. ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ಜಮಖಾನದ ಮೇಲೆ ಜಾಗ ಸಿಕ್ಕಿತು.

ಗಾಯಕಿ ಬಂದರು, ಕೈ ಮುಗಿದರು, ತಂಬೂರಿಯ ಶ್ರುತಿ ಹಿಡಿದು ತೋಡಿ ಎತ್ತಿಕೊಂಡರು. ಆ ದನಿ ತೆಳ್ಳಗಿರಲಿಲ್ಲ. ತುಂಬಿಕೊಂಡು, ತಗ್ಗಿನಲ್ಲಿ, ನಿಧಾನವಾಗಿ ಬರುತ್ತಿತ್ತು. ಓನರಮ್ಮ ನನ್ನ ಮೊಣಕಾಲು ಹಿಡಿದುಕೊಂಡರು.

‘ಕೀ ಮುಗಿದ ಹಾಗಿದೆಯಲ್ಲೇ,’ ಎಂದರು.

ಸುಮ್ಮನಿರಿ ಅಂದೆ. ಎಲ್ಲಿ ಸುಮ್ಮನಿರುತ್ತಾರೆ? ಸ್ವಲ್ಪ ಹೊತ್ತು ನೋಡಿದರು, ಎದ್ದು ನಿಂತೇಬಿಟ್ಟರು. ಆ ತುಂಬಿದ ಸಭೆಯಲ್ಲಿ, ರಾಗದ ನಟ್ಟನಡುವೆ.

‘ರೀ, ಇವರು ಅವರಲ್ಲ. ಯಾರನ್ನೋ ತಂದು ಕೂರಿಸಿದೀರಿ. ಅವರ ಪ್ಲೇಟೆಲ್ಲಾ ನಮ್ಮನೇಲಿದೆ, ನನಗೆ ಗೊತ್ತಿಲ್ವಾ? ಇದು ಮೋಸ.’

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು. ಗಂಡಸರ ಕಡೆಯಿಂದ ನಗು ಬಂತು. ಪಿಟೀಲಿನವರ ಕಮಾನು ನಿಂತಿತು. ಗಾಯಕಿ ಕಣ್ಣು ತೆರೆದು ಒಂದು ಗಳಿಗೆ ನಮ್ಮ ಕಡೆ ನೋಡಿ, ಬಿಟ್ಟಲ್ಲಿಂದಲೇ ಹಾಡು ಮುಂದುವರಿಸಿದರು. ಶಾಲು ಹೊದ್ದವರೊಬ್ಬರು ಓಡಿ ಬಂದು, ‘ಬನ್ನಿ ಅಮ್ಮಾ, ಬಿಸಿಲಿಗೆ ತಲೆ ತಿರುಗಿರಬೇಕು, ಒಂದು ಲೋಟ ಪಾನಕ ಕುಡೀರಿ,’ ಎಂದು ಆಚೆ ಕರೆದೊಯ್ದರು. ಓನರಮ್ಮ ಪಾನಕ ಮುಟ್ಟಲಿಲ್ಲ.

ವಾಪಸು ಬರುವಾಗ ಜಟಕಾದಲ್ಲಿ ಅತ್ತರು. ಯಜಮಾನರು ಹೋದಾಗಲೂ ಅಷ್ಟು ಅತ್ತಿರಲಿಲ್ಲವಂತೆ, ಆಮೇಲೆ ಅಮ್ಮ ಹೇಳಿದಳು. ‘ನಮ್ಮವಳು ಸತ್ತೇಹೋಗಿದಾಳೆ ಕಣೇ. ಜನಕ್ಕೆ ಗೊತ್ತಾಗಬಾರದು ಅಂತ ಇವಳನ್ನ ಕೂರಿಸಿದಾರೆ,’ ಎಂದರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಪ್ಲೇಟಿನ ತೋಡಿಯಲ್ಲಿ ಮೇಲಕ್ಕೆ ಹೋಗುವ ಮುಂಚೆ ಆಕೆ ‘ಹ್ಞೂ’ ಎಂದು ಸಣ್ಣಗೆ ಉಸಿರೆಳೆದುಕೊಳ್ಳುತ್ತಾರೆ. ಚಪ್ಪರದಲ್ಲಿ ಹಾಡಿದಾಕೆಯೂ ಅದೇ ಜಾಗದಲ್ಲಿ, ಹಾಗೆಯೇ ಉಸಿರೆಳೆದುಕೊಂಡಿದ್ದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಆಫೀಸೊಂದರಲ್ಲಿ ಗುಮಾಸ್ತರು, ಅಂಥ ಸಂಗೀತಜ್ಞಾನವೇನೂ ಇರಲಿಲ್ಲ. ಓನರಮ್ಮನ ಹಜಾರದ ಹೊಸ್ತಿಲನ್ನೂ ದಾಟಿದವರಲ್ಲ. ‘ಹಾಗಾದ್ರೆ ಮಿಷನ್ನೇ ನೋಡಬೇಕು,’ ಎಂದು ಬೆಳಿಗ್ಗೆ ನನ್ನ ಜೊತೆ ಬಂದರು.

ಪ್ಲೇಟು ತಿರುಗುವ ತಟ್ಟೆಯ ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿಯಿತ್ತು. ಅದರ ಮೇಲೆಲ್ಲ ಅರಿಸಿನ ಕುಂಕುಮ ಮೆತ್ತಿ ಗಟ್ಟಿಯಾಗಿತ್ತು. ಪ್ರತಿ ಆಯುಧಪೂಜೆಗೆ ಓನರಮ್ಮ ಹಚ್ಚಿದ್ದು.

‘ಅದನ್ನ ಮುಟ್ಟಬೇಡಿ. ನಮ್ಮ ಯಜಮಾನ್ರು ಕೈಯಾರೆ ಇಟ್ಟಿದ್ದು. ಮುಟ್ಟಿದ್ರೆ ಒಳಗಿನ ಸ್ಪ್ರಿಂಗು ಹಾರಿ ಮುಖಕ್ಕೆ ಬಡಿಯತ್ತೆ ಅಂತ ಹೇಳಿದ್ರು,’ ಎಂದರು ಓನರಮ್ಮ.

‘ಹಾಗೆಲ್ಲಾ ಆಗಲ್ಲಮ್ಮಾ,’ ಎಂದು ಅಪ್ಪ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕುಂಕುಮದ ಕೆಳಗಿನಿಂದ ಇಂಗ್ಲಿಷ್ ಅಕ್ಷರ ಎದ್ದುಬಂತು. ಒಂದು ಕೊನೆಯಲ್ಲಿ ‘ಸ್ಲೋ’, ಇನ್ನೊಂದು ಕೊನೆಯಲ್ಲಿ ‘ಫಾಸ್ಟ್’. ಕಡ್ಡಿ ಫಾಸ್ಟಿನ ತುದಿಗೆ ಹೋಗಿ ಕೂತಿತ್ತು. ಅಪ್ಪ ಅದನ್ನು ನಡುವಿಗೆ ತಂದು, ತೋಡಿ ಪ್ಲೇಟು ಹಾಕಿದರು.

ಚಪ್ಪರದ ದನಿ ಹಜಾರಕ್ಕೆ ಬಂತು. ಅದೇ ತುಂಬಿದ ದನಿ, ಅದೇ ನಿಧಾನ, ಅದೇ ‘ಹ್ಞೂ’.

ಓನರಮ್ಮ ಗರ ಬಡಿದವರ ಹಾಗೆ ಕೂತರು. ಪ್ಲೇಟು ಮುಗಿದು ಮುಳ್ಳು ಕರಕರ ಅನ್ನುತ್ತಿದ್ದರೂ ಯಾರೂ ಎತ್ತಲಿಲ್ಲ. ಅಪ್ಪ ಸಮಾಧಾನ ಮಾಡಲು, ‘ಯಜಮಾನರಿಗೆ ಗೊತ್ತಾಗಿರಲಿಕ್ಕಿಲ್ಲ ಬಿಡಿ. ಯಾವ ಕಡೆ ತಿರುಗಿಸಬೇಕು ಅಂತ...’ ಎಂದು ಶುರುಮಾಡಿದರು.

‘ಅವರಿಗೆ ಇಂಗ್ಲಿಷು ಚೆನ್ನಾಗಿ ಬರ್ತಿತ್ತು,’ ಎಂದರು ಓನರಮ್ಮ.

ಅಪ್ಪ ಮುಳ್ಳು ಎತ್ತಿಟ್ಟರು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾವನೋ ಬಿಳಿಯ ದೊರೆ ಊರು ಬಿಟ್ಟಾಗ ಹರಾಜಿನಲ್ಲಿ ಆ ಮಿಷನ್ನು ತಂದವರು ಯಜಮಾನರೇ. ಸಂಜೆ ಹೆಂಡತಿ ಪ್ಲೇಟು ಹಾಕಿದರೆ ಎದುರಿಗೆ ಕೂರುತ್ತಿದ್ದವರೂ ಅವರೇ, ಅದನ್ನು ಓನರಮ್ಮ ದೊಡ್ಡ ಪ್ರೀತಿ ಎಂದುಕೊಂಡಿದ್ದರು. ಆ ಮನುಷ್ಯನಿಗೆ ಮೂರು ನಿಮಿಷದ ಹಾಡು ಕೇಳುವಷ್ಟು ತಾಳ್ಮೆಯೂ ಇರಲಿಲ್ಲ. ಬೇಗ ಮುಗಿಯಲಿ ಎಂದು ಕಡ್ಡಿ ತಿರುಗಿಸಿ, ಹೆಂಡತಿ ಮುಟ್ಟದಿರಲೆಂದು ಸ್ಪ್ರಿಂಗಿನ ಕಥೆ ಕಟ್ಟಿ, ಹಾಯಾಗಿ ಸತ್ತುಹೋಗಿದ್ದರು. ಈಕೆ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತ ಬಂದಿದ್ದರು. ಇಂದಿಗೂ ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಆಗ ಓನರಮ್ಮ ನನ್ನ ಕಡೆ ತಿರುಗಿ, ‘ಈಗ ಹಾಡು,’ ಎಂದರು. ಪ್ಲೇಟು ಮತ್ತೆ ಹಾಕಿದರು. ಹಾಡಿದೆ. ಮೇಲಿನ ಷಡ್ಜ ಬಂತು. ಕೆಮ್ಮಿಲ್ಲದೆ, ಕಣ್ಣೀರಿಲ್ಲದೆ, ಬಾಗಿಲು ತೆರೆದೇ ಇದ್ದ ಮನೆಯೊಳಗೆ ನಡೆದುಹೋದ ಹಾಗೆ ಬಂತು. ಆ ವಾರವೇ ಅವರು ಬಸವನಗುಡಿಯ ಒಬ್ಬ ಮೇಷ್ಟ್ರ ಹತ್ತಿರ ನನ್ನನ್ನು ಪಾಠಕ್ಕೆ ಹಾಕಿದರು. ಮುಂದೆ ನಾನು ಕಛೇರಿ ಮಾಡಿದೆ, ನೂರಾರು ಮಕ್ಕಳಿಗೆ ಪಾಠ ಹೇಳಿದೆ. ನನ್ನ ಅನ್ನ, ನನ್ನ ಮರ್ಯಾದೆ ಎಲ್ಲ ಅಲ್ಲಿಂದ ಬಂದದ್ದು. ಓನರಮ್ಮ ತೀರಿಕೊಂಡಾಗ ನಾನು ಮದುವೆಯಾಗಿ ಮೈಸೂರಿನಲ್ಲಿದ್ದೆ, ಮುಖ ನೋಡಲೂ ಸಿಗಲಿಲ್ಲ. ಆ ಋಣ ತೀರುವಂಥದ್ದಲ್ಲ.

ಅವರನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಅದೇ ವರ್ಷ ಯಜಮಾನರ ತಿಥಿಯ ದಿನ. ಬ್ರಾಹ್ಮಣರು ಉಂಡು ಹೋಗಿದ್ದರು. ಮಧ್ಯಾಹ್ನ ಓನರಮ್ಮ ನನ್ನನ್ನು ಕರೆದು, ಹಜಾರದಲ್ಲಿ ಯಜಮಾನರ ಫೋಟೋದ ಎದುರಿಗೆ ಮಣೆ ಹಾಕಿ, ‘ಕೂತ್ಕೊ, ತೋಡಿ ಹಾಡು,’ ಎಂದರು.

ಅಮ್ಮ ಗಾಬರಿಯಾಗಿ ಓಡಿ ಬಂದಳು. ‘ತಿಥಿ ದಿನ ಹಾಡೋದುಂಟಾ? ಎಲ್ಲಾದ್ರೂ ಕೇಳಿದೀರಾ?’

‘ಇವತ್ತು ಅವರು ಮನೆಗೆ ಬಂದಿರ್ತಾರೆ ಅಂತ ಪುರೋಹಿತರೇ ಹೇಳಿದ್ರಲ್ಲ. ಬಂದೋರು ಕೇಳ್ಕೊಂಡು ಹೋಗಲಿ,’ ಎಂದರು ಓನರಮ್ಮ. ಆಮೇಲೆ ನನಗೆ, ‘ಅವಸರ ಮಾಡಬೇಡ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಾಡು.’

ಅಮ್ಮ ಬಾಗಿಲಲ್ಲೇ ಬಾಯಿಗೆ ಸೆರಗಿಟ್ಟುಕೊಂಡು ನಿಂತಳು. ನಾನು ಶುರುಮಾಡಿ, ರಾಗ ಬಿಡಿಸಿ, ಒಂದು ಅಕ್ಷರವೂ ಓಡದ ಹಾಗೆ ಕೀರ್ತನೆ ಹಾಡಿದೆ. ನನ್ನ ಬದುಕಿನ ಮೊದಲ ಕಛೇರಿ ಅದು. ಹಾಡು ಮುಗಿಯಿತು. ಓನರಮ್ಮ ಫೋಟೋದ ಕಡೆ ತಿರುಗಿದರು.

‘ಏಳಬೇಡಿ,’ ಎಂದರು. ‘ಇನ್ನೂ ಕಾಂಬೋಧಿ ಇದೆ.’