ನಮ್ಮತ್ತೆಯ ರಾಗಿ ಅರಳು

ನಮ್ಮತ್ತೆಯ ಎಡಗಿವಿಯ ಮೇಲಿನ ಕೂದಲು ಯಾವಾಗ ನೋಡಿದರೂ ಸುಟ್ಟು ಮುರುಟಿಕೊಂಡಿರುತ್ತಿತ್ತು. ಬಲಗಡೆಯದು ಎಣ್ಣೆ ಹಚ್ಚಿಸಿಕೊಂಡು ಮರ್ಯಾದೆಯಾಗಿ ತುರುಬು ಸೇರಿದರೆ, ಎಡಗಡೆಯದು ಕೆಂಚಗೆ, ಗುಂಗುರು ಗುಂಗುರಾಗಿ ಎದ್ದು ನಿಂತಿರುತ್ತಿತ್ತು. ಆ ಕಡೆಯ ಓಲೆಯ ಕೆಂಪು ಕಲ್ಲಿನ ಮೇಲೂ ಒಂದು ಪದರ ಮಸಿ. ಮದುವೆಯಾಗಿ ಅಕ್ಕೂರಿಗೆ ಬಂದ ದಿನ ಹೊಸಿಲಲ್ಲಿ ನಿಂತು ಆರತಿ ಎತ್ತಿಸಿಕೊಳ್ಳುವಾಗ ನಾನು ನೋಡಿದ್ದು ಅತ್ತೆಯ ಮುಖವನ್ನಲ್ಲ, ಆ ಕೂದಲನ್ನು. ಪಕ್ಕದಲ್ಲಿದ್ದ ನನ್ನ ನಾದಿನಿ ಮೆಲ್ಲಗೆ ಹೇಳಿದಳು, "ನಮ್ಮವ್ವ ಕಿವೀಲಿ ರಾಗಿ ಹುರೀತಾಳೆ ಕಣತ್ತಿಗೆ." ನನಗೆ ತಲೆಬುಡ ಅರ್ಥವಾಗಲಿಲ್ಲ.

ಅರ್ಥವಾಗಲು ಒಂದು ತಿಂಗಳು ಕಾಯಬೇಕಾಯಿತು. ಯಾಕೆಂದರೆ ಆಗ ಮನೆಯಲ್ಲಿ ರೇಷ್ಮೆ ಹುಳು ಇತ್ತು. ಹುಳು ಇದ್ದಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಹುರಿಯುವುದಿಲ್ಲ. ಘಾಟು ತಾಕಿದರೆ ಹುಳು ಸೊಪ್ಪು ಬಿಟ್ಟುಬಿಡುತ್ತದಂತೆ! ಚನ್ನಪಟ್ಟಣದ ಪೇಟೆಯಲ್ಲಿ ಅಪ್ಪನ ಅಂಗಡಿಯ ಬೆಂಡು ಬತ್ತಾಸು ಮೆಲ್ಲುತ್ತ ಬೆಳೆದ ನನಗೆ ಸಪ್ಪೆ ಸಾರು, ಮುದ್ದೆ, ಮತ್ತೆ ಸಪ್ಪೆ ಸಾರು. ಹುಳುಗಳು ಮಾತ್ರ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪನ್ನು ಜಿನುಗು ಮಳೆಯ ಸದ್ದು ಮಾಡುತ್ತ ಮೇಯುತ್ತಿದ್ದವು. ಅವುಗಳನ್ನು ಕಂಡು ನನಗೆ ಹೊಟ್ಟೆಕಿಚ್ಚು.

ಕೊನೆಗೆ ಹುಳು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರ ತಟ್ಟಿ ಹತ್ತಿ ಗೂಡು ಕಟ್ಟಿತು. ನಮ್ಮ ಮಾವ ಗೂಡನ್ನು ಗಾಡಿಗೆ ಹೇರಿಕೊಂಡು ಕ್ಲೋಸ್‌ಪೇಟೆಗೆ ಹೊರಟರು. ಈಗಿನ ರಾಮನಗರವನ್ನು ಆಗ ಹಾಗೆ ಕರೆಯುತ್ತಿದ್ದರು. ಗಾಡಿ ಊರ ಮುಂದಿನ ಅರಳಿಮರ ದಾಟಿತೋ ಇಲ್ಲವೋ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲ ಒಲೆ ಹೊತ್ತಿಸಿಯೇಬಿಟ್ಟರು. ಬೀದಿಗೆ ಬೀದಿಯೇ ಬುಟ್ಟಿ ಬುಟ್ಟಿ ರಾಗಿ ಹೊತ್ತು ನಮ್ಮ ಹಿತ್ತಿಲಿಗೆ ಬಂತು. ಆ ದಿನದ ಸಂಭ್ರಮವನ್ನು ಏನೆಂದು ಹೇಳಲಿ! ಮಕ್ಕಳು ಗೋಡೆಯ ಮೇಲೆ, ಹೆಂಗಸರು ಬೀಸುವ ಕಲ್ಲಿನ ಸುತ್ತ, ನಾಯಿಗಳು ಬೇಲಿಯ ಹತ್ತಿರ.

ಹುರಿಹಿಟ್ಟು ಅಂದರೆ ಏನು ಮಹಾ ಅನ್ನಬೇಡಿ. ರಾಗಿ ತೊಳೆದು, ನೀರುಮಜ್ಜಿಗೆ ಚಿಮುಕಿಸಿ, ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ನೆರಳಲ್ಲಿ ಆರಹಾಕಬೇಕು. ಬಿಸಿಲಿಗೆ ಹರಡಿದಿರೋ ಕೆಟ್ಟಿತು. ಬಾಣಲೆಯಲ್ಲಿ ಹೊಳೆಯ ಸಣ್ಣ ಮರಳು ಚೆನ್ನಾಗಿ ಕಾದಮೇಲೆ ಒಂದು ಹಿಡಿ ರಾಗಿ ಎರಚಬೇಕು. ಮೊದಲು ಏನೂ ಇಲ್ಲ. ಆಮೇಲೆ ಚಿಟ್. ಚಿಟ್ ಚಿಟ್. ಆಮೇಲೆ ಒಂದೇ ಉಸಿರಿಗೆ ಚಟಪಟ ಚಟಪಟ ಅಂತ ಕೆಂಪು ಕಾಳೆಲ್ಲ ಬೆಳ್ಳಗೆ ಅರಳಿ ಹುಬ್ಬಿಗೆ, ಸೀರೆಗೆ, ಮಕ್ಕಳ ಬಾಯಿಗೆ ಹಾರುತ್ತದೆ! ಆ ಸದ್ದು ತೆಳುವಾಗುವ ಗಳಿಗೆಗೆ ಸರಿಯಾಗಿ ಬಾಣಲೆ ಇಳಿಸಿ ಜರಡಿಗೆ ಸುರಿಯಬೇಕು. ಕಣ್ಣು ಮಿಟುಕಿಸುವಷ್ಟು ಮೊದಲಾದರೆ ಅರ್ಧ ರಾಗಿ ಅರಳದೆ ಹಲ್ಲಿಗೆ ಸಿಗುತ್ತದೆ, ಅಷ್ಟೇ ತಡವಾದರೆ ಸೀದು ಕಹಿಯಾಗುತ್ತದೆ. ಹೊಗೆಯಲ್ಲಿ ಕಣ್ಣು ಬಿಡುವಂತಿಲ್ಲ. ಅದಕ್ಕೇ ಅತ್ತೆ ಕಣ್ಣು ಮುಚ್ಚಿ, ಎಡಗಿವಿಯನ್ನು ಬಾಣಲೆಗೆ ಕೊಟ್ಟು ಕೂರುತ್ತಿದ್ದರು. "ಹೊಗೇಲಿ ಕಣ್ಣು ಸುಳ್ಳೇಳ್ತದೆ, ಕಿವಿ ಸುಳ್ಳೇಳಾಕಿಲ್ಲ" ಅನ್ನುವುದು ಅವರ ಮಾತು.

ಆ ಅರಳನ್ನು ಬೀಸಿದ ಬಿಸಿ ಹಿಟ್ಟಿಗೆ ಬೆಲ್ಲ ಕುಟ್ಟಿ ಹಾಕಿ, ಒಂದು ತೊಟ್ಟು ತುಪ್ಪ ಬಿಟ್ಟು ಅತ್ತೆ ನನ್ನ ಅಂಗೈಗೆ ಉಂಡೆ ಇಟ್ಟರು. ಬಾಯಿಗೆ ಹಾಕಿಕೊಂಡೆ. ಅಪ್ಪನ ಅಂಗಡಿಯ ಬತ್ತಾಸೆಲ್ಲ ಅಲ್ಲೇ ಮರೆತುಹೋಯಿತು! ನಾದಿನಿ ಒಣಹಿಟ್ಟು ಬಾಯಿಗೆ ಮುಕ್ಕಿಕೊಂಡು ನಗಲು ಹೋಗಿ ನನ್ನ ಹೊಸ ಸೀರೆಯ ತುಂಬ ಹಿಟ್ಟು ಮಾಡಿದಳು. ಅಂಥ ರುಚಿಯ ಮುಂದೆ ಸೀರೆ ಯಾವ ಲೆಕ್ಕ.

ಆದರೆ ಅತ್ತೆಯ ಮೇಲೆ ನನಗೊಂದು ಕೋಪವಿತ್ತು. ಅವರು ಬಾಯಿ ಮುಚ್ಚದೆ ಮಾತಾಡುತ್ತಿದ್ದರು, ನನ್ನ ಮಾತಿಗೆ ಮಾತ್ರ ಕಾಯುತ್ತಿರಲಿಲ್ಲ. "ಉಂಡ್ಯೇನವ್ವ? ಉಂಡಿರ್ತೀಯ ಬುಡು" ಎಂದು ತಾವೇ ಕೇಳಿ ತಾವೇ ಹೇಳಿ ಹೊರಟುಬಿಡುವರು. ಹಿಂದಿನಿಂದ "ಅತ್ತೆ" ಎಂದು ಕರೆದರೆ ತಿರುಗಿಯೂ ನೋಡರು. ಪೇಟೆಯ ಹುಡುಗಿ, ನಾಲ್ಕಕ್ಷರ ಓದಿದವಳು ಎಂದು ನನ್ನನ್ನು ಕಡೆಗಣಿಸುತ್ತಾರೆ ಅಂದುಕೊಂಡೆ. ನಾನೂ ಮೂತಿ ಊದಿಸಿಕೊಂಡು ತಿರುಗಿದೆ. ಅದೂ ಅವರಿಗೆ ತಿಳಿಯಲಿಲ್ಲ, ಅದಕ್ಕೆ ಇನ್ನೊಂದಿಷ್ಟು ಕೋಪ.

ಎರಡನೇ ವರ್ಷ ಒಂದು ದಿನ ಎದುರುಮನೆಯಾಕೆ ನಮ್ಮ ಮನೆಗೆ ಬಂದರು. ನಾವೆಲ್ಲ ಅಕ್ಕಯ್ಯ ಅನ್ನುತ್ತಿದ್ದೆವು. ನಮ್ಮತ್ತೆಗಿಂತ ನಾಲ್ಕು ವರ್ಷ ಚಿಕ್ಕವರು, ನಾಲಿಗೆ ಮಾತ್ರ ದೊಡ್ಡದು. ಜಗುಲಿಯ ಮೇಲೆ ಕೂತು, ಬೇರೆ ಕಡೆ ಮುಖ ಮಾಡಿಕೊಂಡು ಮೆಲ್ಲಗೆ ಅಂದರು, "ಹೋದ ಗೂಡಿನ ಬೆಳೇಲಿ ಹಿಟ್ಟು ಒಸಿ ಕಹಿ ಆಗಿತ್ತು ಕಣಕ್ಕ. ಬೀದಿಯೋರೂ ಅಂಗೇ ಅಂತಾವ್ರೆ. ಈ ಸಲ ನಮ್ ರಾಗಿ ನಾವೇ ಹುರ್ಕೋತೀವಿ."

ನಮ್ಮತ್ತೆ ಮುಖ ಅರಳಿಸಿ ಹೇಳಿದರು, "ಅದಕ್ಕೇನಂತೆ, ತಕ್ಕೊಂಬಾ. ಮೊದ್ಲು ನಿಂದೇ ಹುರೀತೀನಿ!"

ಅಕ್ಕಯ್ಯ ದಡಕ್ಕನೆ ಎದ್ದು ಹೋದರು. ಅತ್ತೆ ಎಂಥ ಜಂಭದವರು ಎಂದು ನಾನು ಬೆರಗಾಗಿ ನಿಂತೆ.

ಹೊಸ ಬೆಳೆಯ ಹುಳು ಇನ್ನೂ ಮನೆಗೆ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಮನೆಯ ಮಟ್ಟಿಗೆ ಒಂದಿಷ್ಟು ರಾಗಿ ಹುರಿಯಲು ಕೂತಿದ್ದರು. ನಾನು ಅವರ ಹಿಂದೆ ಸೌದೆ ಒಟ್ಟುತ್ತಿದ್ದೆ. ಚಟಪಟ ಜೋರಾಯಿತು, ತೆಳುವಾಯಿತು, ನಿಂತೇಹೋಯಿತು. ಅತ್ತೆ ಅಲುಗಾಡಲಿಲ್ಲ. "ಅತ್ತೆ, ಸೀಯ್ತಾ ಇದೆ!" ಎಂದೆ. ಊಹೂಂ. "ಅತ್ತೇ!" ಎಂದು ಕಿರುಚಿದೆ. ಓಡಿ ಅವರ ಮುಂದೆ ಹೋಗಿ ನೋಡಿದರೆ, ಕಣ್ಣು ಮುಚ್ಚಿ, ಬೆಂಕಿಯ ಝಳಕ್ಕೆ ಕೆನ್ನೆ ಕೆಂಪಾಗಿ, ಕಿವಿಯನ್ನು ಬಾಣಲೆಯ ಅಂಚಿನವರೆಗೆ ಬಗ್ಗಿಸಿ ಅವರು ಇನ್ನೂ ಕೇಳಿಸಿಕೊಳ್ಳುತ್ತಲೇ ಇದ್ದರು. ಬಾಣಲೆಯಲ್ಲಿ ರಾಗಿ ಕರ್ರಗಾಗಿತ್ತು. ಎಡಗಿವಿಯ ಮೇಲೆ ಇನ್ನೊಂದು ಕೂದಲು ಚುರ್ ಎಂದು ಸುಟ್ಟಿತು.

ನಾನು ಭುಜ ಮುಟ್ಟಿದೆ. ಅವರು ಕಣ್ಣು ಬಿಟ್ಟರು. ಬಾಣಲೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ಹಿಡಿದು, "ಹುಳ ಮೇಯೋ ಸದ್ದು ಕೇಳಿ ಎಷ್ಟೋ ಬೆಳೆ ಆಗೋಯ್ತು ಕಣವ್ವ" ಎಂದರು. "ಯಾರ್ಗೂ ಹೇಳ್ಬ್ಯಾಡ. ಬೀದಿಯೋರು ರಾಗಿ ತರೋದು ಬುಟ್ಬುಟ್ರೆ ನಾನು ಯಾತಕ್ಕಿದ್ದೀನಿ?"

ನನಗೆ ನಾಚಿಕೆಯಾಯಿತು. ಎರಡು ವರ್ಷ ನಾನು ಜಂಭ ಅಂದುಕೊಂಡಿದ್ದು ಇದನ್ನು. ತಾವೇ ಕೇಳಿ ತಾವೇ ಉತ್ತರ ಹೇಳಿಕೊಳ್ಳುತ್ತಿದ್ದದ್ದು ನನ್ನ ಉತ್ತರ ಕೇಳಿಸದೆ ಹೋಗುತ್ತಿದ್ದುದರಿಂದ. ಆ ಮನೆಯಲ್ಲಿ ಎಲ್ಲರೂ ಹೊಲದ ಆಚೆ ಇದ್ದವರನ್ನು ಕೂಗುವ ಹಾಗೇ ಮಾತಾಡುತ್ತಿದ್ದರಿಂದ ಒಬ್ಬರಿಗೂ ಗೊತ್ತಾಗಿರಲಿಲ್ಲ. ನಾನೊಬ್ಬಳೇ ಪೇಟೆಯ ಮೆಲುದನಿಯವಳು!

ಅವರ ಕಿವಿಗೆ ಬಾಯಿಟ್ಟು ಕೂಗಿದೆ, "ನಾನಿದ್ದೀನಿ ಅತ್ತೆ. ನನ್ನ ಕಿವಿ ಚೆನ್ನಾಗಿದೆ."

ನಿಜವಾಗಿಯೂ ಚೆನ್ನಾಗಿತ್ತು. ನನ್ನ ತವರಿನ ಬೀದಿಯಲ್ಲಿ ಬೊಂಬೆ ಕಡೆಯುವ ಸಾಬರ ಮನೆಗಳಿದ್ದವು. ತಿರುಗುವ ಮರಕ್ಕೆ ಅರಗಿನ ಬಣ್ಣ ಹತ್ತಿತೋ ಇಲ್ಲವೋ ಎನ್ನುವುದನ್ನು ಗೋಡೆಯ ಈಚೆಯಿಂದ ಸದ್ದು ಕೇಳಿಯೇ ಹೇಳುತ್ತ ಬೆಳೆದವಳು ನಾನು. ನಮ್ಮ ಒಪ್ಪಂದ ಹೀಗಾಯಿತು: ನಾನು ಉರಿ ಹಾಕುವ ನೆಪದಲ್ಲಿ ಅತ್ತೆಯ ಪಕ್ಕ ಕೂರುವುದು. ಸೀರೆಯ ನೆರಿಗೆಯ ಕೆಳಗೆ ನನ್ನ ಕಾಲ ಹೆಬ್ಬೆರಳು ಅವರ ಪಾದದ ಮೇಲಿರುವುದು. ಸದ್ದು ತೆಳುವಾದ ಕೂಡಲೇ ಒತ್ತುವುದು, ಅವರು ಇಳಿಸುವುದು. ಹುಳು ಮನೆಗೆ ಬರುವ ಮೊದಲೇ ಮೂರು ದಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆವು. ಕಳ್ಳರಿಬ್ಬರು ಕನ್ನ ಹಾಕಲು ಕಲಿತ ಹಾಗೆ ನಮಗೆ ನಗುವೋ ನಗು.

ಆ ಸಲ ಗೂಡಿನ ಗಾಡಿ ಹೋದ ದಿನ ಹಿತ್ತಿಲಿಗೆ ಒಬ್ಬರೂ ಬರಲಿಲ್ಲ. ಗೋಡೆಯ ಮೇಲೆ ಮಕ್ಕಳಿಲ್ಲ. ಅತ್ತೆ ಬಾಗಿಲ ಕಡೆ ನೋಡುವುದು, ಮರಳು ಕೆದಕುವುದು. ನಾನು ಬಿಡಲಿಲ್ಲ. ನಮ್ಮದೇ ರಾಗಿಯನ್ನು ಹುರಿಸಿದೆ. ಅರಳಿನ ಘಮ ಬೀದಿಗೆ ಹರಿಯಲಿ ಎಂದು ಮುಂಬಾಗಿಲನ್ನೂ ಹಿಂಬಾಗಿಲನ್ನೂ ಅಗಲ ತೆಗೆದಿಟ್ಟೆ. ಮೊರದ ತುಂಬ ಬೆಳ್ಳನೆ ಅರಳು, ಮೇಲೊಂದು ಅಚ್ಚು ಬೆಲ್ಲ ಇಟ್ಟು ನೇರ ಅಕ್ಕಯ್ಯನ ಮನೆಗೆ ನಡೆದೆ. ಅಕ್ಕಯ್ಯ ಅಲ್ಲಿ ತಾವೇ ಹುರಿದ ರಾಗಿಯ ಮುಂದೆ ಕೂತಿದ್ದರು, ಅರ್ಧ ಕಪ್ಪು, ಅರ್ಧ ಕಲ್ಲು. ನನ್ನ ಮೊರದಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದರು. ಉಳಿದ ರಾಗಿಯ ಬುಟ್ಟಿ ಎತ್ತಿಕೊಂಡು ನನ್ನ ಹಿಂದೆಯೇ ಬಂದರು.

ಬಂದವರು ಸುಮ್ಮನೆ ಹೋಗುವವರೇ? ಬಾಣಲೆಯ ಎದುರಿಗೇ ಮಣೆ ಹಾಕಿಕೊಂಡು ಕೂತರು, ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರರ ಹಾಗೆ. ಅವರ ಹಿಂದೆ ಮತ್ತೆ ನಾಲ್ಕು ಹೆಂಗಸರು. ಅತ್ತೆ ತಮ್ಮ ಪಾದವನ್ನು ನನ್ನ ಬೆರಳ ಕೆಳಗೆ ಸರಿಸಿದರು. ರಾಗಿ ಬಿತ್ತು. ಚಿಟ್. ಚಿಟ್ ಚಿಟ್. ಚಟಪಟ ಶುರುವಾಯಿತು, ಅದೇ ಹೊತ್ತಿಗೆ ಯಾರೋ ಬೀಸುವ ಕಲ್ಲು ತಿರುಗಿಸಲು ಹಿಡಿದರು, ಒಂದು ಮಗು ಅಳಲು ಹಿಡಿಯಿತು! ನಾನು ಕಣ್ಣು ಮುಚ್ಚಿದೆ. ಕಲ್ಲಿನ ಗರಗರ ಬೇರೆ, ಮಗುವಿನ ರಾಗ ಬೇರೆ, ರಾಗಿಯ ಸದ್ದು ಬೇರೆ. ಹುಡುಕಿದೆ, ಸಿಕ್ಕಿತು, ತೆಳುವಾಯಿತು. ಒತ್ತಿದೆ! ಅತ್ತೆ ಒಂದೇ ಎಳೆತಕ್ಕೆ ಬಾಣಲೆ ಇಳಿಸಿ ಜರಡಿಗೆ ಸುರಿದರು. ಮರಳು ಕೆಳಗೆ ಇಳಿದು ಹೋಯಿತು. ಜರಡಿಯ ಮೇಲೆ ಮಲ್ಲಿಗೆ ಮೊಗ್ಗು ರಾಶಿ ಹಾಕಿದ ಹಾಗೆ ಅರಳು, ಒಂದೇ ಒಂದು ಕರಿ ಕಾಳಿಲ್ಲ.

"ಅಕ್ಕ, ನಿನ್ ಕಿವಿಗೆ ದೃಷ್ಟಿ ತೆಗೀಬೇಕು ಕಣೆ!" ಎಂದರು ಅಕ್ಕಯ್ಯ. ಅತ್ತೆಗೆ ಕೇಳಿಸಲಿಲ್ಲ. ನಾನು ಕಾಲು ಚಿವುಟಿದೆ, ಅವರು ಸರಿಯಾದ ಸಮಯಕ್ಕೆ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ರಾಗಿಯೆಲ್ಲ ನಮ್ಮ ಹಿತ್ತಿಲಿನಲ್ಲಿತ್ತು.

ಆಮೇಲೆ ಎಷ್ಟು ಬೆಳೆ, ಎಷ್ಟು ಮೊರ ಅರಳು! ರಾಗಿ ಮುಗಿದ ಮೇಲೆ ಅದೇ ಮರಳಲ್ಲಿ ಅವರೆಕಾಳು, ಹುರುಳಿಕಾಳು, ಕಡಲೆಕಾಯಿ. ಕೆಂಡದಲ್ಲಿ ಹಲಸಿನ ಬೀಜ. ಹುರಿಯುತ್ತ ಅತ್ತೆ ಊರಿನ ಕಥೆಯೆಲ್ಲ ಹೇಳುವರು, ನಾನು ಅವರ ಕಿವಿಗೆ ನನ್ನ ಕಥೆ ಕೂಗುವೆ. ಕೆಳಗೆ ನಮ್ಮ ಕಾಲುಗಳು ಒಂದರ ಮೇಲೊಂದು. ನನಗೆ ಮೂರು ಮಕ್ಕಳಾದವು, ಅವೂ ಗೋಡೆ ಹತ್ತಿ ಕೂತವು. ಬೀದಿಯಲ್ಲಿ ಗುಟ್ಟು ಒಬ್ಬರಿಗೂ ತಿಳಿಯಲಿಲ್ಲ.

ವಯಸ್ಸಾಗಿ ಅತ್ತೆ ಹಾಸಿಗೆ ಹಿಡಿದರು. ಕಣ್ಣೂ ಮಂಜಾಯಿತು. ಒಂದು ಬೆಳಿಗ್ಗೆ, "ಒಸಿ ಬಿಸಿ ಅರಳು ತಿನ್ಬೇಕು ಅನ್ನಿಸ್ತದೆ" ಎಂದರು. ಅವರನ್ನು ಎತ್ತಿಕೊಂಡು ಬಂದು ಹಿತ್ತಿಲ ಗೋಡೆಗೆ ಒರಗಿಸಿ, ಒಲೆ ಹೊತ್ತಿಸಿ, ನಾನೇ ಬಾಣಲೆ ಹಿಡಿದೆ. ಅವರ ಕಾಲು ನನಗೆ ಎಟುಕುತ್ತಿರಲಿಲ್ಲ. ಅವರು ಕೈ ಚಾಚಿ ಬಾಣಲೆಯ ಪಕ್ಕ ಇಟ್ಟುಕೊಂಡರು. ಚಟಪಟ ತೆಳುವಾಯಿತು, ನಾನು ಬಾಣಲೆ ಹಿಡಿಯುವ ಮೊದಲೇ ಅತ್ತೆ ಅಂದರು, "ಇಳ್ಸು!"

ಏನೋ ಅಂದಾಜಿಗೆ ಅಂದದ್ದು ಸರಿಹೋಯಿತು ಅಂದುಕೊಂಡೆ. ಎರಡನೇ ಹಿಡಿ ಹಾಕಿದೆ. "ಇಳ್ಸು!" ಸರಿಯಾಗಿ ಅದೇ ಗಳಿಗೆಗೆ. ಮೂರನೇ ಸಲ ಬೇಕೆಂದೇ ತಡ ಮಾಡಿದೆ. ನನ್ನ ಮೊಣಕೈಗೆ ಪಟ್ಟನೆ ಒಂದು ಏಟು ಬಿತ್ತು. "ಇಳ್ಸೇ, ಸೀದೋಯ್ತದೆ!"

ನಾನು ಅವರ ಕಿವಿಗೆ ಬಾಯಿಟ್ಟು ಕೂಗಿದೆ, "ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

ಅವರು ತಮ್ಮ ಮುಂಗೈ ತೋರಿಸಿದರು. "ಕಾಳು ಹಾರಿ ಕೈಗೆ ಬೀಳ್ತವಲ್ಲ. ಬೀಳೋದು ಕಮ್ಮಿ ಆದ್ರೆ ಆಯ್ತು ಅಂತ್ಲೇ."

"ಯಾವಾಗಿಂದ ಗೊತ್ತು?"

"ನಿನ್ ದೊಡ್ಡ ಮಗ ಹುಟ್ಟಿದ ವರ್ಸದಿಂದ."

ದೊಡ್ಡ ಮಗನಿಗೆ ಆಗ ಮೀಸೆ ಬಂದಿತ್ತು! "ಮತ್ತೆ ಇಷ್ಟು ವರ್ಷ ನನ್ನಿಂದ ಕಾಲು ಯಾಕೆ ಒತ್ತಿಸಿಕೊಂಡ್ರಿ?" ಎಂದು ಕೂಗಿದೆ.

ಅತ್ತೆ ಬಿಸಿ ಅರಳು ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಒಸಡಿನಲ್ಲಿ ನಿಧಾನವಾಗಿ ಅದನ್ನು ಕರಗಿಸಿ ಅಂದರು, "ಬ್ಯಾಡ ಅಂದಿದ್ರೆ ನೀನು ಎದ್ದೋಗ್ಬುಡ್ತಿದ್ದೆ."

ಮುಂದಿನ ಬೆಳೆಯ ಹುಳು ಮೇವು ಬಿಟ್ಟು, ಪೊರೆ ಕಳಚುವ ಮೂರನೇ ಜ್ವರದಲ್ಲಿದ್ದಾಗ ಅತ್ತೆ ಹೋದರು. ಗೂಡು ಮಾರಿದ ದಿನ ಬೀದಿಯವರೆಲ್ಲ ರಾಗಿ ಹೊತ್ತು ಬಂದರು, ಅಕ್ಕಯ್ಯ ಎಲ್ಲರಿಗಿಂತ ಮೊದಲು. ನಾನು ಅಳುತ್ತಲೇ ಹುರಿದೆ, ಒಂದು ಹಿಡಿಯೂ ಸೀಯಲಿಲ್ಲ.

ಈಗ ನನಗೂ ವಯಸ್ಸಾಗಿದೆ. ನನ್ನ ಎಡಗಿವಿಯ ಕೂದಲು ಸುಟ್ಟಿಲ್ಲ, ಕಿವಿ ಅಷ್ಟು ಚುರುಕಾಗಿದೆ. ಪಕ್ಕದ ಬೀದಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಸಿಡಿಯಿತು ಎಂದು ಇಲ್ಲಿಂದಲೇ ಹೇಳಬಲ್ಲೆ. ಹೋದ ತಿಂಗಳು ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಕನಕಪುರದ ಕಡೆಯವಳು, ಬಾಯಿ ಬಿಟ್ಟು ಮಾತಾಡಳು. ಮೊನ್ನೆ ಹಿತ್ತಿಲಲ್ಲಿ ಬಾಣಲೆ ಇಟ್ಟು ಅವಳನ್ನು ಕರೆದು ಹೇಳಿದೆ, "ನಂಗೆ ಕಿವಿ ಒಸಿ ಮಂದ ಕಣವ್ವ. ಪಕ್ಕ ಕೂತ್ಕೊಂಡು ಕಾಲು ಒತ್ತು."