ಪರದೆಯೊಳಗಿನ ಗಾಡಿಗೆ ಆಯುಧಪೂಜೆ

ವಿಡಿಯೋ ಗೇಮ್ ಮಷೀನು ಕೂರಿಸುವುದು ಆಗ ನನ್ನ ಕೆಲಸ. ಆಯುಧಪೂಜೆಯ ದಿನವೇ ಮಲಾಡ್‌ನ ಗೇಮ್ ಪಾರ್ಲರೊಂದರಲ್ಲಿ ಹೊಸದೊಂದನ್ನು ಕೂರಿಸಿದೆ. ಕಾರ್ಟೂನ್ ಸಿನಿಮಾದ ಕರಡಿ, ಮೊಲಗಳು ಪುಟ್ಟ ಕಾರು ಓಡಿಸುವ ರೇಸು. ಹೊರಗೆ ಆಗಲೇ ಗಿರಾಕಿಗಳ ಸಾಲು. ಬಾಗಲಕೋಟೆ ಕಡೆಯ ಮಾಲೀಕರು ಸ್ಟೀರಿಂಗಿಗೆ ಹಾರ ಹಾಕಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಹಿಡಿದು ಬಗ್ಗಿದರು.

“ಇದರ ಗಾಲಿ ಎಲ್ಲಿ ಅದಾವ್ರಿ?”

“ಪರದೆ ಒಳಗಿವೆ ಸಾರ್. ನಿಂಬೆಹಣ್ಣು ಬೇಡ ಬಿಡಿ, ಇದು ಆಟದ ಗಾಡಿ.”

“ಗಾಡಿ ಅಂದಮ್ಯಾಲೆ ಗಾಡೀನರೀ!” ಎಂದು ರೇಗಿ, ಹಣ್ಣನ್ನು ಆಕ್ಸಿಲರೇಟರ್ ಪೆಡಲಿನಡಿ ಇಟ್ಟು ತಾವೇ ತುಳಿದರು. ರಸ ಪಿಚಕ್ಕೆಂದು ವೈರುಗಳ ಮೇಲೆ ಹಾರಿತು. ಪರದೆಯಲ್ಲಿ ಕರಡಿಯ ಕಾರು ಗೋಡೆಗೆ ಗುದ್ದಿತು, ಪರದೆ ಕಪ್ಪಾಯಿತು.

ನಾನು ತಲೆ ಮೇಲೆ ಕೈಹೊತ್ತು ಕೂತೆ. ಅವರು ನೆಮ್ಮದಿಯಿಂದ ನನ್ನ ಬೆನ್ನು ತಟ್ಟಿದರು.

“ನೋಡ್ರಿ, ಎಂಥಾ ಕೆಟ್ಟ ಕಣ್ಣು ಬಿದ್ದಿತ್ತು! ಪೂಜಿ ಮಾಡಿದ್ದ ಚಲೋ ಆತು.”