ನೂಲುಮಾವನ ಹನ್ನೊಂದು ಗಂಟೆಯ ಹಾಲು

ನಮ್ಮ ಸೋದರಮಾವ ದರ್ಜಿ. ಆಳು ತೀರಾ ತೆಳು, ಹಾಗಾಗಿ ಬೀದಿಯವರಿಗೆಲ್ಲ ಅವನು ನೂಲುಮಾವ. ಅಳತೆ ತೆಗೆಯುವಾಗ ಗಿರಾಕಿಯ ಸೊಂಟದ ಇಂಚನ್ನು ಎದುರಂಗಡಿಗೂ ಕೇಳುವಂತೆ ಕೂಗುವುದು ಅವನ ಚಾಳಿ.

"ನಲವತ್ತೆರಡು! ಹೋದ ವರ್ಷಕ್ಕಿಂತ ಎರಡು ಇಂಚು ಜಾಸ್ತಿ. ಸಕ್ಕರೆ ಕಾಯಿಲೆ ಬಾಗ್ಲು ತಟ್ತಾ ಇದೆ ಸ್ವಾಮಿ!"

ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ಪೆಚ್ಚುಪೆಚ್ಚಾಗಿ ನಗುತ್ತಿದ್ದ. ತನ್ನ ಕಡ್ಡಿ ಕೈಕಾಲುಗಳ ಬಗ್ಗೆ ಮಾವನಿಗೆ ಎಲ್ಲಿಲ್ಲದ ಜಂಬ. ಆದರೆ ಅವನಿಗೂ ಒಂದು ಪುಟ್ಟ ಹೊಟ್ಟೆ ಸದ್ದಿಲ್ಲದೆ ಬೆಳೆಯುತ್ತಿತ್ತು. ಎರಡು ವರ್ಷಕ್ಕೊಮ್ಮೆ ತನ್ನ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯಿಂದ ಸಡಿಲ ಮಾಡಿಕೊಳ್ಳುತ್ತಿದ್ದ. ಕೇಳಿದರೆ, "ಈಗಿನ ಬಟ್ಟೆ ಒಗೆದ್ರೆ ಕುಗ್ಗುತ್ತೆ ಕಣೇ" ಎಂಬ ಸಬೂಬು.

ಅವನು ಹೆದರುತ್ತಿದ್ದದ್ದು ಒಬ್ಬಳಿಗೇ, ಅವನ ಅಕ್ಕನಿಗೆ, ಎಂದರೆ ನಮ್ಮಮ್ಮನಿಗೆ. ದಿನಾ ಹನ್ನೊಂದಕ್ಕೆ ಅಮ್ಮ ನಾಲ್ಕು ಚಮಚ ಸಕ್ಕರೆ ಹಾಕಿದ ಹಾಲಿನ ದೊಡ್ಡ ಲೋಟ ಹಿಡಿದು ಅಂಗಡಿಗೆ ಹಾಜರು. ಕುಡಿದಾದ ಮೇಲೆ ಲೋಟ ಬೋರಲು ಮಾಡಿ ತೋರಿಸಬೇಕು. ಐವತ್ತೆಂಟರ ಗಂಡಸು, ಗಿರಾಕಿಗಳ ಮುಂದೆಯೇ, ತೋರಿಸುತ್ತಿದ್ದ.

ಈಚೆಗೆ ಸೂಜಿಗೆ ದಾರ ಪೋಣಿಸಲು ಅವನು ಒದ್ದಾಡತೊಡಗಿದ. ಬಿಂದಿಗೆ ನೀರನ್ನು ಮಧ್ಯಾಹ್ನದೊಳಗೆ ಕುಡಿದು ಖಾಲಿ ಮಾಡುತ್ತಿದ್ದ. ಒಂದು ಕೋಟಿಗೆ ಎರಡೂ ಎಡತೋಳನ್ನೇ ಹೊಲಿದ ದಿನ ನಾನೂ ಅಮ್ಮನೂ ಅವನನ್ನು ಆಸ್ಪತ್ರೆಗೆ ಎಳೆದೊಯ್ದೆವು. ಸಕ್ಕರೆ ಕಾಯಿಲೆ! ಮಾವನ ಮುಖ ನೋಡಬೇಕಿತ್ತು.

"ನಂಗಾ? ಡಾಕ್ಟ್ರೇ, ನನ್ನ ತೋಳು ನೋಡಿ!"

ಡಾಕ್ಟರಮ್ಮ ಅವನ ಬಾಲ್ಯ ಕೇಳಿದರು. ಅಮ್ಮನೇ ಉತ್ತರಿಸಿದಳು: "ಇವನು ಆರು ತಿಂಗಳ ಕೂಸಿದ್ದಾಗ ನಮ್ಮಮ್ಮ ಹೋದ್ಲು. ನಂಗಾಗ ಹನ್ನೆರಡು. ಒಂದು ಲೋಟ ಹಾಲಿಗೆ ಮೂರು ಲೋಟ ನೀರು ಬೆರೆಸಿ ಕುಡಿಸ್ತಿದ್ದೆ. ಎರಡೂವರೆ ವರ್ಷ ಆದ್ರೂ ನಡೀಲಿಲ್ಲ."

"ಹಸಿವಲ್ಲಿ ಬೆಳೆದ ಮಗುವಿನ ಮೈ ಕಡಿಮೇಲೇ ಬದುಕೋದು ಕಲಿಯುತ್ತೆ," ಎಂದರು ಡಾಕ್ಟರಮ್ಮ. "ಸಕ್ಕರೆ ಸಂಭಾಳಿಸೋ ಶಕ್ತಿ ಅಷ್ಟಕ್ಕಷ್ಟೇ ಇರುತ್ತೆ. ಮುಂದೆ ತಿನ್ನೋದು ಜಾಸ್ತಿ ಆದ್ರೆ, ತೆಳ್ಳಗಿದ್ದೋರಿಗೂ ಈ ಕಾಯಿಲೆ ಬರಬಹುದು. ಮಾತ್ರೆ ತಗೊಳ್ಳಿ, ಆ ಸಕ್ಕರೆ ಹಾಲು ಬಿಡಿ, ದಿನಾ ನಡೀರಿ. ಕಣ್ಣು ಉಳಿಸ್ಕೋಬಹುದು."

ಮಾವನಿಗೆ ಕಣ್ಣು ಉಳಿಯುವ ಮಾತು ಕೇಳಿಸಿತು. ಅಮ್ಮನಿಗೆ ಕೇಳಿಸಿದ್ದೇ ಬೇರೆ: ಅಂದಿನ ನೀರೂ ತನ್ನದೇ, ಇಂದಿನ ಸಕ್ಕರೆಯೂ ತನ್ನದೇ. ಮರುದಿನ ಅವಳು ಅಂಗಡಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಗದರಿದೆ, ಗೋಗರೆದೆ, ಅವಳು ಜಪ್ಪಯ್ಯ ಎನ್ನಲಿಲ್ಲ. ಅಂದು ಹನ್ನೆರಡು ವರ್ಷದ ಹುಡುಗಿಯಾಗಿದ್ದ ಅಮ್ಮ ಇನ್ನೇನು ತಾನೇ ಮಾಡಬಹುದಿತ್ತು? ನನಗೆ ಅಳು ಬಂತು.

ಮೂರನೆಯ ದಿನ ಹನ್ನೊಂದೂವರೆಗೆ ಮಾವ ಅಂಗಡಿಗೆ ಬೀಗ ಜಡಿದು, ಕೊರಳಲ್ಲಿ ಅಳತೆ ಟೇಪಿನ ಸಮೇತ ಮನೆಗೆ ಬಂದ. ಅಮ್ಮನ ಪಕ್ಕ ನೆಲದ ಮೇಲೆ ಕೂತ.

"ಅಕ್ಕಾ, ಒಂದು ಅಂಗಿಗೆ ಎರಡೂವರೆ ಮೀಟರ್ ಬೇಕು. ನಿನ್ನ ಕೈಗೆ ಕೊಟ್ಟಿದ್ದು ಅರ್ಧ ಮೀಟರ್. ಒಳಗೆ ಮಡಚಿ ಬಿಡೋಕೆ ಬಟ್ಟೆ ಎಲ್ಲಿತ್ತು? ನಾನಾಗಿದ್ರೆ ಆಗಲ್ಲ ಅಂತ ವಾಪಸ್ ಕಳಿಸ್ತಿದ್ದೆ. ನೀನು ಹೊಲಿದೆ. ಐವತ್ತೆಂಟು ವರ್ಷ ಹಾಕ್ಕೊಂಡು ತಿರುಗಿದೀನಿ. ಈಗ ಒಂದು ಕಡೆ ಹೊಲಿಗೆ ಬಿಟ್ಟಿದೆ, ಅಷ್ಟೇ."

ಅಮ್ಮ ಈಚೆ ತಿರುಗಿದಳು. ಕಣ್ಣು ಊದಿತ್ತು.

"ಸಕ್ಕರೆ ಹಾಕದಿದ್ರೆ ಕುಡೀತೀಯೇನೋ?"

"ಕುಡೀತೀನಿ. ಚಿಕ್ಕ ಲೋಟ ತಾ. ಆದ್ರೆ ಹನ್ನೊಂದಕ್ಕೆ ಸರಿಯಾಗಿ ಬಾ. ಮೂರು ದಿನದಿಂದ ಬಾಗ್ಲು ನೋಡಿ ನೋಡಿ ಕತ್ತು ನೋಯ್ತಿದೆ."

ಮರುದಿನ ನಾನೂ ಜೊತೆಗೆ ಹೋದೆ. ಸಪ್ಪೆ ಹಾಲು ಕುಡಿದು ಮಾವ ಕಷಾಯ ಕುಡಿದವನ ಹಾಗೆ ಮುಖ ಹಿಂಡಿದ. ಆಮೇಲೆ, ಅಮ್ಮ ಕೇಳುವ ಮೊದಲೇ, ಲೋಟ ಬೋರಲು ಮಾಡಿ ತೋರಿಸಿದ.